ಮೈನಸ್‌ಗಳ ಜಗಳಕ್ಕೆ ಉಪ್ಪಿನ ರಾಜಿ

ಮಗಳು ಡೈಪರ್ ಬಿಟ್ಟು ವರ್ಷವಾದರೂ ನಮ್ಮನೆ ಕಪಾಟಿನಲ್ಲಿ ನಾಲ್ಕೈದು ಡೈಪರ್ ಹಾಗೇ ಉಳಿದಿದ್ದವು. ಒಂದು ಭಾನುವಾರ ಅದರಲ್ಲೊಂದನ್ನು ಹಳೇ ಪೇಪರ್ ಮೇಲಿಟ್ಟು ಹರಿದೆ. ಒಳಗಿನ ಹತ್ತಿಯನ್ನು ಕೊಡವಿದಾಗ ಚಿರೋಟಿ ರವೆಯ ಹಾಗಿರುವ ಬಿಳಿ ಕಾಳುಗಳು ಉದುರಿದವು. ಅರ್ಧ ಚಮಚದಷ್ಟನ್ನು ಲೋಟಕ್ಕೆ ಹಾಕಿ ಫಿಲ್ಟರ್ ನೀರು ಸುರಿದೆ. ಎರಡು ನಿಮಿಷ ಬಿಟ್ಟು ಲೋಟವನ್ನು ಬೋರಲು ಹಾಕಿದರೆ ಒಂದು ಹನಿಯೂ ಬೀಳಲಿಲ್ಲ. ಗಟ್ಟಿ ಮೊಸರಿನ ಹಾಗೆ ಕೂತಿತ್ತು.

ಆಮೇಲೆ ಒಂದು ಚಮಚ ಪುಡಿ ಉಪ್ಪು ಹಾಕಿ ಕಲಕಿದೆ. ನೋಡನೋಡುತ್ತಲೇ ಗಟ್ಟಿಯಾಗಿದ್ದದ್ದು ಸಡಿಲವಾಯಿತು. ನೀರು ಬಿಟ್ಟುಕೊಂಡಿತು. ಕೊನೆಗೆ ಲೋಟದ ತುಂಬ ನೀರು, ತಳದಲ್ಲಿ ಮೆತ್ತಗಿನ ಸಣ್ಣ ಕಾಳು. ಮಗಳು ‘ಉಪ್ಪು ಅದನ್ನ ಕರಗಿಸಿಬಿಡ್ತಾ?’ ಅಂತ ಕೇಳಿದಳು. ಕರಗಿಸಿರಲಿಲ್ಲ. ಕಾಳುಗಳು ಅಲ್ಲೇ ಇದ್ದವು, ಮುದುಡಿಕೊಂಡಿದ್ದವು ಅಷ್ಟೇ. ಯಾಕೆ ಮುದುಡಿದವು ಅನ್ನುವುದೇ ಈ ಬರಹದ ವಿಷಯ. ಡೈಪರಿನಿಂದ ಶುರುವಾಗುವ ಈ ಕಥೆ ನಮ್ಮ ಡಿಎನ್‌ಎವರೆಗೂ ಹೋಗುತ್ತದೆ.

ಆ ಬಿಳಿ ಕಾಳಿನ ಹೆಸರು ಸೋಡಿಯಂ ಪಾಲಿಅಕ್ರಿಲೇಟ್. ಪಾಲಿಮರ್ ಅಂದರೆ ಒಂದೇ ಥರದ ಕೊಂಡಿಗಳು ಸಾಲಾಗಿ ಸೇರಿ ಆದ ಉದ್ದನೆಯ ಸರಪಳಿ, ಅಲ್ವಾ? ಇದರಲ್ಲಿ ಪ್ರತಿ ಕೊಂಡಿಗೂ ಒಂದೊಂದು ಆಮ್ಲದ ಗುಂಪು ನೇತಾಡುತ್ತಿರುತ್ತದೆ. ಒಣಗಿದ್ದಾಗ ಹೆಚ್ಚಿನ ಗುಂಪುಗಳಿಗೆ ಒಂದೊಂದು ಸೋಡಿಯಂ ಅಂಟಿಕೊಂಡಿರುತ್ತದೆ. ನೀರಿಗೆ ಬಿದ್ದ ಕೂಡಲೇ ಸೋಡಿಯಂ ಪ್ಲಸ್ ಚಾರ್ಜ್ ಹೊತ್ತು ಕಳಚಿಕೊಳ್ಳುತ್ತದೆ. ಸರಪಳಿಯ ಮೇಲೆ ಉಳಿಯುವುದು ಮೈನಸ್, ಮೈನಸ್, ಮೈನಸ್. ಹೀಗೆ ಮೈತುಂಬ ಚಾರ್ಜ್ ಹೊತ್ತ ಸರಪಳಿಗೆ ಪಾಲಿಎಲೆಕ್ಟ್ರೋಲೈಟ್ ಅನ್ನುತ್ತಾರೆ.

ಚಾರ್ಜ್ ಇಲ್ಲದ ಸರಪಳಿಯನ್ನು ನೀರಿಗೆ ಬಿಟ್ಟರೆ ಅದು ನೆಟ್ಟಗೆ ನಿಲ್ಲುವುದಿಲ್ಲ. ಜೇಬಿನಲ್ಲಿಟ್ಟ ಇಯರ್‌ಫೋನ್ ವಯರಿನ ಗತಿಯೇ ಅದರದ್ದೂ. ನೆಟ್ಟಗೆ ಇರುವ ಬಗೆ ಒಂದೇ ಒಂದು. ಸಿಕ್ಕು ಸಿಕ್ಕಾಗಿರುವ ಬಗೆಗಳು ಲೆಕ್ಕವಿಲ್ಲದಷ್ಟು. ನೀರಿನ ಅಣುಗಳು ನಾಲ್ಕೂ ಕಡೆಯಿಂದ ತಳ್ಳಾಡುತ್ತಲೇ ಇರುವುದರಿಂದ ಸರಪಳಿ ಸಡಿಲವಾದ ಉಂಡೆಯಾಗಿಯೇ ಉಳಿಯುತ್ತದೆ. ಅದು ಹಾಗಾಗಲು ಬೇರೆ ಯಾವ ಬಲವೂ ಬೇಕಿಲ್ಲ.

ಪಾಲಿಅಕ್ರಿಲೇಟಿನ ಕಥೆ ಬೇರೆ. ಅಲ್ಲಿ ಪಕ್ಕಪಕ್ಕದ ಮೈನಸ್‌ಗಳಿಗೆ ಒಂದನ್ನು ಕಂಡರೆ ಇನ್ನೊಂದಕ್ಕೆ ಆಗದು. ಬಾಗಿದರೆ ಹತ್ತಿರ ಬರಬೇಕಾಗುತ್ತದೆ. ಹಾಗಾಗಿ ಸರಪಳಿ ಆದಷ್ಟೂ ನೆಟ್ಟಗಾಗಲು ನೋಡುತ್ತದೆ. ಸಾವಿರ ಕೊಂಡಿಯ ಒಂದು ಸರಪಳಿಯನ್ನು ಪೂರ್ತಿ ಎಳೆದು ಹಿಡಿದರೆ ಸುಮಾರು 250 ನ್ಯಾನೋಮೀಟರ್ (ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು ಒಂದು ನ್ಯಾನೋಮೀಟರ್) ಉದ್ದ ಬರುತ್ತದೆ. ಉಂಡೆಯಾಗಿ ಕೂತರೆ ಅದರ ಅಗಲ ಕೆಲವು ಹತ್ತು ನ್ಯಾನೋಮೀಟರ್ ಮಾತ್ರ. ಉಪ್ಪಿಲ್ಲದ ನೀರಿನಲ್ಲಿ ಸರಪಳಿ ಮೊದಲನೆಯದರ ಕಡೆ ವಾಲುತ್ತದೆ, ಗೂಟಕ್ಕೆ ಕಟ್ಟಿದ ಹಗ್ಗದಷ್ಟು ಬಿಗಿಯಾಗಿ ಅಲ್ಲದಿದ್ದರೂ. ಉಪ್ಪು ಬಿದ್ದ ಮೇಲೆ ಎರಡನೆಯದರ ಕಡೆ ಬರುತ್ತದೆ.

ಇಲ್ಲೊಂದು ತಪ್ಪು ತಿಳಿವಳಿಕೆ ಇದೆ. ‘ಉಪ್ಪು ಸರಪಳಿಯನ್ನು ಹಿಂಡಿ ಕುಗ್ಗಿಸುತ್ತದೆ’ ಅಂತ ತುಂಬ ಕಡೆ ಬರೆದಿರುತ್ತಾರೆ. ಹಿಂಡುವುದೇನೂ ಇಲ್ಲ. ಸರಪಳಿ ತಾನಾಗಿ ಉಂಡೆಯಾಗಿಯೇ ಇರುತ್ತಿತ್ತು. ಮೈನಸ್‌ಗಳ ಜಗಳ ಅದನ್ನು ಎಳೆದು ಹಿಡಿದಿತ್ತು. ಉಪ್ಪು ಆ ಜಗಳವನ್ನು ತಣ್ಣಗೆ ಮಾಡುತ್ತದೆ. ಉಳಿದದ್ದು ತನ್ನಷ್ಟಕ್ಕೆ ತಾನೇ ಆಗುತ್ತದೆ.

ಮದುವೆ ಛತ್ರದ ಲೆಕ್ಕ

ಮಾತು ಬಿಟ್ಟ ಇಬ್ಬರು ದಾಯಾದಿಗಳು ಒಂದೇ ಮದುವೆಗೆ ಬಂದಿದ್ದಾರೆ ಅಂದುಕೊಳ್ಳಿ. ಬೆಳಗ್ಗೆ ಛತ್ರ ಖಾಲಿ. ಒಬ್ಬರು ಬಾಗಿಲ ಹತ್ತಿರ ಕೂತರೆ ಇನ್ನೊಬ್ಬರು ಮಂಟಪದ ಆ ಕಡೆ. ಊಟದ ಹೊತ್ತಿಗೆ ಛತ್ರ ತುಂಬಿತು. ಈಗ ಇಬ್ಬರೂ ಎರಡೇ ಸಾಲಿನ ಅಂತರದಲ್ಲಿ ಕೂತು ಹೋಳಿಗೆ ಮುರಿಯುತ್ತಿದ್ದಾರೆ. ಸಿಟ್ಟೇನೂ ಇಳಿದಿಲ್ಲ. ನಡುವೆ ಜನ ಇದ್ದಾರೆ, ಮುಖ ಕಾಣುತ್ತಿಲ್ಲ, ಅಷ್ಟೇ.

ಅಡುಗೆ ಉಪ್ಪು ನೀರಿನಲ್ಲಿ ಕರಗಿದರೆ ಸೋಡಿಯಂ ಪ್ಲಸ್ ಆಗಿ, ಕ್ಲೋರೈಡ್ ಮೈನಸ್ ಆಗಿ ಓಡಾಡುತ್ತವೆ. ಸರಪಳಿಯ ಪ್ರತಿ ಮೈನಸ್ಸಿನ ಸುತ್ತ ಪ್ಲಸ್‌ಗಳು ಸ್ವಲ್ಪ ಜಾಸ್ತಿ ಸುಳಿದಾಡುತ್ತವೆ, ಮೈನಸ್‌ಗಳು ಸ್ವಲ್ಪ ಕಡಿಮೆ. ಯಾವ ಸೋಡಿಯಮ್ಮೂ ಅಲ್ಲೇ ಬೇರು ಬಿಟ್ಟು ಕೂರುವುದಿಲ್ಲ. ಒಂದು ಹೋದರೆ ಇನ್ನೊಂದು ಬರುತ್ತದೆ. ಸರಾಸರಿ ನೋಡಿದರೆ ಅದು ಪ್ಲಸ್‌ನ ಒಂದು ತೆಳು ಮೋಡ. ದೂರದಿಂದ ನೋಡುವವರಿಗೆ ಒಳಗಿನ ಮೈನಸ್ ಹೊರಗಿನ ಪ್ಲಸ್ ಜೊತೆ ಸೇರಿ ಸೊನ್ನೆಯಾಗಿ ಕಾಣುತ್ತದೆ.

‘ದೂರ’ ಅಂದರೆ ಎಷ್ಟು ದೂರ? ಇದನ್ನು ಲೆಕ್ಕ ಹಾಕಿಕೊಟ್ಟವರು ಪೀಟರ್ ಡಿಬೈ ಮತ್ತು ಎರಿಶ್ ಹ್ಯೂಕೆಲ್. 1923ರಲ್ಲಿ, ಜ್ಯೂರಿಕ್‌ನಲ್ಲಿ. ಅವರ ತಲೆಯಲ್ಲಿ ಇದ್ದದ್ದು ಪಾಲಿಮರ್ ಅಲ್ಲ, ಬರೀ ಉಪ್ಪುನೀರು. ಆದರೂ ಅವರ ಲೆಕ್ಕದಿಂದ ಬಂದ ಅಂತರವನ್ನು ಇವತ್ತಿಗೂ ಡಿಬೈ ಉದ್ದ ಅಂತಲೇ ಕರೆಯುತ್ತಾರೆ. ಅದರಾಚೆಗೆ ಚಾರ್ಜ್‌ಗಳು ಒಂದಕ್ಕೊಂದು ಹೆಚ್ಚುಕಡಿಮೆ ಕಾಣುವುದಿಲ್ಲ.

ಅಂಕಿಗಳನ್ನು ಅಡುಗೆಮನೆ ಅಳತೆಯಲ್ಲೇ ನೋಡೋಣ. ಒಂದು ಲೀಟರ್ ನೀರಿಗೆ 60 ಮಿಲಿಗ್ರಾಂ ಉಪ್ಪು, ಅಂದರೆ ಕೆಲವೇ ಹರಳು, ಹಾಕಿದರೆ ಡಿಬೈ ಉದ್ದ ಸುಮಾರು 10 ನ್ಯಾನೋಮೀಟರ್. ಒಂದು ಸಣ್ಣ ಚಮಚ, ಸುಮಾರು 6 ಗ್ರಾಂ, ಹಾಕಿದರೆ 1 ನ್ಯಾನೋಮೀಟರ್. ಆಸ್ಪತ್ರೆಯ ಡ್ರಿಪ್ ಬಾಟಲಿಯ ಸಲೈನ್‌ನಲ್ಲಿ ಲೀಟರಿಗೆ 9 ಗ್ರಾಂ ಇರುತ್ತದೆ, ಅಲ್ಲಿ 0.8. ಸಮುದ್ರದ ನೀರಿನಲ್ಲಿ 0.4ಕ್ಕಿಂತ ಕಡಿಮೆ. ಗಮನಿಸಿ, ಉಪ್ಪು ನೂರು ಪಟ್ಟು ಮಾಡಿದರೆ ಅಂತರ ಹತ್ತೇ ಪಟ್ಟು ಇಳಿಯಿತು. ವರ್ಗಮೂಲದ ಲೆಕ್ಕ ಇದು. ಅದಕ್ಕೇ ಮೊದಲ ಚಿಟಿಕೆ ಉಪ್ಪು ಮಾಡುವಷ್ಟು ಕೆಲಸವನ್ನು ಹತ್ತನೇ ಚಿಟಿಕೆ ಮಾಡುವುದಿಲ್ಲ.

ಈಗ ಇದನ್ನು ಸರಪಳಿಗೆ ಹೊಂದಿಸಿ. ಪಾಲಿಅಕ್ರಿಲೇಟಿನಲ್ಲಿ ಒಂದು ಕೊಂಡಿಯಿಂದ ಇನ್ನೊಂದಕ್ಕೆ ಕಾಲು ನ್ಯಾನೋಮೀಟರ್. ಡಿಬೈ ಉದ್ದ 10 ಇದ್ದಾಗ ಒಂದು ಮೈನಸ್ಸಿಗೆ ಆಚೆ 40, ಈಚೆ 40 ನೆಂಟರು ಕಾಣುತ್ತಾರೆ. ಅಷ್ಟೂ ಜನರೊಡನೆ ಜಗಳ. ಡಿಬೈ ಉದ್ದ 1ಕ್ಕೆ ಇಳಿದರೆ ಆಚೆ ನಾಲ್ಕು, ಈಚೆ ನಾಲ್ಕು. ಸರಪಳಿ ಅಲ್ಲಲ್ಲೇ ಸ್ವಲ್ಪ ಬಿಗಿಯಾಗಿರುತ್ತದೆ. ಆದರೆ ಐವತ್ತನೇ ಕೊಂಡಿ ತಿರುಗಿಕೊಂಡು ಬಂದು ಮೊದಲನೆಯದರ ಪಕ್ಕ ನಿಂತರೂ ಯಾರೂ ಕೇಳುವುದಿಲ್ಲ.

ನೀರು ಸೇರಿಸಿದರೆ ಮಂದವಾಗುವ ದ್ರಾವಣ

ಸರಪಳಿಯ ಆಕಾರ ಕಣ್ಣಿಗೆ ಕಾಣದು. ಹಿಂದಿನವರು ಅದನ್ನು ಪತ್ತೆ ಹಚ್ಚಿದ್ದು ದ್ರಾವಣದ ಮಂದತನ ಅಳೆದು. ಉದ್ದಕ್ಕೆ ಚಾಚಿದ ಸರಪಳಿಗಳಿದ್ದರೆ ನೀರು ಸರಾಗವಾಗಿ ಹರಿಯದು. ಉಂಡೆಯಾಗಿದ್ದರೆ ಹರಿಯುತ್ತದೆ. ಮಾಮೂಲಿ ಪಾಲಿಮರ್ ದ್ರಾವಣಕ್ಕೆ ನೀರು ಸೇರಿಸುತ್ತಾ ಹೋದರೆ, ಒಂದು ಗ್ರಾಂ ಪಾಲಿಮರ್ ಕೊಡುವ ಮಂದತನ ಇಳಿಯುತ್ತಾ ಬಂದು ಒಂದು ಮಟ್ಟದಲ್ಲಿ ನಿಲ್ಲುತ್ತದೆ. ಚಾರ್ಜ್ ಇರುವ ಸರಪಳಿಗಳಲ್ಲಿ ಇದು ಉಲ್ಟಾ. ತೆಳ್ಳಗೆ ಮಾಡಿದಷ್ಟೂ ಗ್ರಾಂ ಲೆಕ್ಕದ ಮಂದತನ ಏರುತ್ತದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ರೇಮಂಡ್ ಫ್ಯೂಸ್ 1940ರ ದಶಕದ ಕೊನೆಯಲ್ಲಿ ಇದನ್ನು ಅಚ್ಚುಕಟ್ಟಾಗಿ ಅಳೆದು ತೋರಿಸಿದರು.

ಕಾರಣ ಈಗ ನಿಮಗೇ ಹೊಳೆದಿರಬಹುದು. ಸರಪಳಿ ತಾನೇ ಬಿಟ್ಟ ಸೋಡಿಯಮ್ಮೂ ಒಂಥರಾ ಉಪ್ಪೇ ಅಲ್ವಾ? ದ್ರಾವಣ ದಟ್ಟವಾಗಿದ್ದಾಗ ಆ ಸೋಡಿಯಂ ಜನಜಂಗುಳಿಯೇ ಮರೆಯಾಗಿ ನಿಲ್ಲುತ್ತದೆ. ನೀರು ಸೇರಿಸಿದಂತೆ ಜಂಗುಳಿ ಚದುರುತ್ತದೆ, ಮರೆ ಹೋಗುತ್ತದೆ, ಸರಪಳಿ ಚಾಚಿಕೊಳ್ಳುತ್ತದೆ. ಸ್ವಲ್ಪ ಅಡುಗೆ ಉಪ್ಪು ಹಾಕಿದರೆ ಈ ವಿಚಿತ್ರ ಮಾಯವಾಗಿ, ಎಲ್ಲ ಪಾಲಿಮರ್‌ಗಳ ಹಾಗೆ ಇದೂ ನಡೆದುಕೊಳ್ಳುತ್ತದೆ.

ಬೆಂಡೆಕಾಯಿಯ ಲೋಳೆ ಈ ಸಂಸಾರಕ್ಕೇ ಸೇರಿದ್ದು. ಅದರೊಳಗಿನ ಉದ್ದನೆಯ ಸಕ್ಕರೆ ಸರಪಳಿಗಳಲ್ಲಿ ಆಮ್ಲದ ಗುಂಪುಗಳಿವೆ, ಹಾಗಾಗಿ ಮೈನಸ್ ಚಾರ್ಜ್ ಇದೆ. ಪಲ್ಯಕ್ಕೆ ಬೆಂಡೆಕಾಯಿ ಬಾಡಿಸುವಾಗ ಒಂದು ಚಮಚ ಮೊಸರೋ ಹುಣಸೆ ರಸವೋ ಹಾಕಿದರೆ ಲೋಳೆ ಕಡಿಮೆಯಾಗುತ್ತದೆ ಅಂತ ಅಮ್ಮಂದಿರು ಹೇಳುವುದರಲ್ಲಿ ಹುರುಳಿದೆ. ಹುಳಿ ಮಾಡುವುದು ಉಪ್ಪಿಗಿಂತ ಬೇರೆ ಕೆಲಸ. ಉಪ್ಪು ಚಾರ್ಜನ್ನು ಮರೆ ಮಾಡಿದರೆ, ಹುಳಿ ಚಾರ್ಜನ್ನೇ ತೆಗೆದುಹಾಕುತ್ತದೆ. ಹುಳಿಯ ಹೈಡ್ರೋಜನ್ ಅಯಾನು (ಅಯಾನು ಅಂದರೆ ಚಾರ್ಜ್ ಹೊತ್ತ ಕಣ) ಆ ಮೈನಸ್ ಗುಂಪಿಗೆ ಅಂಟಿ ಕೂರುತ್ತದೆ. ಫಲ ಮಾತ್ರ ಒಂದೇ. ಸರಪಳಿ ಮುದುಡುತ್ತದೆ, ನೂಲು ನೂಲಾಗಿ ಎಳೆಯುವುದು ತಗ್ಗುತ್ತದೆ.

ಡೈಪರ್ ಮತ್ತು ಮಿಡಿ ಉಪ್ಪಿನಕಾಯಿ

ಇಲ್ಲಿವರೆಗೆ ಹೇಳಿದ್ದು ಒಂಟಿ ಸರಪಳಿಯ ಮಾತು. ಡೈಪರಿನ ಕಾಳಿನಲ್ಲಿ ಸರಪಳಿಗಳು ಅಲ್ಲಲ್ಲಿ ಗಂಟು ಹಾಕಿಕೊಂಡು ಬಲೆಯಾಗಿವೆ. ಬಲೆ ಉಬ್ಬುವುದಕ್ಕೆ ಮೈನಸ್‌ಗಳ ಜಗಳವೊಂದೇ ಕಾರಣ ಅಂತ ಹೇಳಿ ಮುಗಿಸಿದರೆ ಅರ್ಧ ಸತ್ಯವಾಗುತ್ತದೆ. ನಿಜ ಹೇಳಬೇಕೆಂದರೆ ಅಲ್ಲಿ ದೊಡ್ಡ ಪಾತ್ರ ಕಳಚಿಕೊಂಡ ಸೋಡಿಯಮ್ಮಿನದ್ದೇ.

ಆ ಸೋಡಿಯಂಗಳಿಗೆ ಹೊರಗಿನ ನೀರಿಗೆ ಓಡಿಹೋಗುವ ಆಸೆ. ಆದರೆ ಎಲ್ಲವೂ ಹೋದರೆ ಬಲೆಯಲ್ಲಿ ಬರೀ ಮೈನಸ್ ಉಳಿಯುತ್ತದೆ, ಅದು ಎಳೆದು ವಾಪಸ್ ತರುತ್ತದೆ. ಹಾಗಾಗಿ ಅವು ಬಲೆಯೊಳಗೇ ಬಂದಿ. ಒಳಗೆ ಅಯಾನುಗಳ ಸಂತೆ, ಹೊರಗೆ ಖಾಲಿ ನೀರು. ಅಯಾನುಗಳು ಹೊರಬರಲಾಗದಿದ್ದರೆ ನೀರು ಒಳಹೋಗುತ್ತದೆ. ಬಲೆ ಬಿಗಿದು ‘ಇನ್ನು ಸಾಕು’ ಅನ್ನುವ ತನಕ ಹೋಗುತ್ತಲೇ ಇರುತ್ತದೆ. ಶುದ್ಧ ನೀರಿನಲ್ಲಿ ಕಾಳು ತನ್ನ ತೂಕದ ನೂರಾರು ಪಟ್ಟು ಹೀರುತ್ತದೆ.

ಹೊರಗೆ ಉಪ್ಪು ಸುರಿದರೆ ಹೊರಗೂ ಸಂತೆ ನೆರೆಯುತ್ತದೆ. ಒಳಗೆ ಹೋಗಲು ನೀರಿಗೆ ಇದ್ದ ಕಾರಣ ತಗ್ಗುತ್ತದೆ. ಮಿಡಿ ಮಾವಿಗೆ ಉಪ್ಪು ಬೆರೆಸಿ ಭರಣಿಯಲ್ಲಿಟ್ಟರೆ ಎರಡು ದಿನಕ್ಕೆ ಮಿಡಿ ಸುಕ್ಕಾಗಿ ನೀರು ಬಿಡುತ್ತದಲ್ಲ, ಅದೇ ಲೆಕ್ಕ. 0.9% ಸಲೈನಿನಲ್ಲಿ ಇಂಥ ಕಾಳು ಹೀರುವುದು ತನ್ನ ತೂಕದ 30ರಿಂದ 50 ಪಟ್ಟು ಮಾತ್ರ. ಮೂತ್ರದಲ್ಲೂ ಉಪ್ಪಿರುವುದರಿಂದ ಡೈಪರ್ ಮಾಡುವವರು ಲೆಕ್ಕ ಇಡಬೇಕಾದದ್ದು ಈ ಅಂಕಿಯನ್ನೇ.

ರೈತರಿಗೂ ಈ ಮಾತು ಬೇಕು. ಮಣ್ಣಿನಲ್ಲಿ ತೇವ ಹಿಡಿದಿಡಲು ಹೈಡ್ರೋಜೆಲ್ ಅಂತ ಪುಡಿ ಮಾರುತ್ತಾರೆ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಪೂಸಾ ಹೈಡ್ರೋಜೆಲ್ ಹೆಸರು ನೀವೂ ಕೇಳಿರಬಹುದು. ಇಂಥ ಪುಡಿಗಳ ಪ್ಯಾಕೆಟ್ ಮೇಲೆ ‘ಇಷ್ಟು ನೂರು ಪಟ್ಟು ನೀರು ಹೀರುತ್ತದೆ’ ಅಂತ ಕಂಡರೆ ನಾನು ಮೊದಲು ಕೇಳುವುದು: ಯಾವ ನೀರು? ಡಿಸ್ಟಿಲ್ಡ್ ನೀರಿನ ಅಂಕಿಯನ್ನು ಬಯಲುಸೀಮೆಯ ಆಳದ ಬೋರ್‌ವೆಲ್ ನೀರಿಗೆ ಹಚ್ಚಿ ನೋಡಬಾರದು. ಬಕೆಟ್ಟಿಗೆ ಬಿಳಿ ಪೊರೆ ಕಟ್ಟಿಸುವ ಆ ಗಡಸು ನೀರಿನಲ್ಲಿ ಸೋಡಿಯಂ ಮಾತ್ರವಲ್ಲ, ಕ್ಯಾಲ್ಸಿಯಮ್ಮೂ ಇರುತ್ತದೆ. ಕ್ಯಾಲ್ಸಿಯಂ ಸೋಡಿಯಮ್ಮಿನಷ್ಟು ಸಾಧು ಅಲ್ಲ.

ಎರಡು ಪ್ಲಸ್, ಮೂರು ಪ್ಲಸ್

ಸೋಡಿಯಮ್ಮಿಗೆ ಒಂದು ಪ್ಲಸ್. ಕ್ಯಾಲ್ಸಿಯಮ್ಮಿಗೆ ಎರಡು. ಎರಡು ಸೋಡಿಯಂ ಸೇರಿದರೆ ಒಂದು ಕ್ಯಾಲ್ಸಿಯಂ ಆಯಿತಲ್ಲ, ಅದರಲ್ಲೇನು ಅಂತ ಅನಿಸಬಹುದು. ಹಾಗಲ್ಲ. ಎರಡು ಬೇರೆ ಬೇರೆ ಸೋಡಿಯಂಗಳನ್ನು ಸರಪಳಿಯ ಪಕ್ಕ ನಿಲ್ಲಿಸಿದರೆ ಎರಡರ ಓಡಾಟವನ್ನೂ ಕಿತ್ತುಕೊಂಡ ಹಾಗೆ. ಒಂದು ಕ್ಯಾಲ್ಸಿಯಂ ನಿಂತರೆ ಒಂದರದ್ದು ಮಾತ್ರ. ಅದಕ್ಕೇ ನೀರಿನಲ್ಲಿ ಎರಡೂ ಇದ್ದರೆ ಸರಪಳಿಯ ಹತ್ತಿರ ಕ್ಯಾಲ್ಸಿಯಮ್ಮೇ ಜಾಗ ಹಿಡಿಯುತ್ತದೆ. ಸಾಲದ್ದಕ್ಕೆ ಅದು ಒಂದು ಕೈಯಲ್ಲಿ ಒಂದು ಮೈನಸ್ಸನ್ನೂ ಇನ್ನೊಂದು ಕೈಯಲ್ಲಿ ಬೇರೆ ಸರಪಳಿಯ ಮೈನಸ್ಸನ್ನೂ ಹಿಡಿದು ಸೇತುವೆ ಕಟ್ಟುತ್ತದೆ. ಕಡಲಪಾಚಿಯಿಂದ ತೆಗೆದ ಆಲ್ಜಿನೇಟ್ ದ್ರಾವಣವನ್ನು ಕ್ಯಾಲ್ಸಿಯಂ ಇರುವ ನೀರಿಗೆ ಹನಿ ಹನಿಯಾಗಿ ಬಿಟ್ಟರೆ ಹನಿಗಳು ಮಣಿಗಳಾಗುವುದು ಈ ಸೇತುವೆಗಳಿಂದಲೇ.

ಸೋಡಿಯಮ್ಮಿನ ಸುಳಿದಾಡುವ ಮೋಡದ ಬಗ್ಗೆ ಹೇಳಿದ್ದರಲ್ಲೂ ಒಂದು ತಿದ್ದುಪಡಿ ಬೇಕು. ಸರಪಳಿಯ ಮೇಲೆ ಚಾರ್ಜ್ ತೀರಾ ಒತ್ತಾಗಿದ್ದರೆ ಒಂದಷ್ಟು ಪ್ಲಸ್‌ಗಳು ದೂರ ಹೋಗುವುದೇ ಇಲ್ಲ, ಸರಪಳಿಯ ಮೈಗೇ ಅಂಟಿದಂತೆ ಜೊತೆಗೇ ಇರುತ್ತವೆ. ನೀರಿನಲ್ಲಿ ಎರಡು ಚಾರ್ಜ್‌ಗಳ ನಡುವಿನ ಅಂತರ 0.7 ನ್ಯಾನೋಮೀಟರಿಗಿಂತ ಕಡಿಮೆಯಾದರೆ ಅವುಗಳ ಜಗಳ ಶಾಖದ ತಳ್ಳಾಟವನ್ನೂ ಮೀರುತ್ತದೆ. ಚಾರ್ಜ್‌ಗಳು ಇದಕ್ಕಿಂತ ಒತ್ತಾಗಿ ಕೂತಿದ್ದರೆ, ಹೆಚ್ಚುವರಿಯನ್ನು ಅಂಟಿದ ಪ್ಲಸ್‌ಗಳು ತೀರಿಸುತ್ತವೆ ಅಂತ ಜೆರಾಲ್ಡ್ ಮ್ಯಾನಿಂಗ್ 1969ರಲ್ಲಿ ಲೆಕ್ಕ ಹಾಕಿದರು. ಡಿಎನ್‌ಎಯಲ್ಲಿ ಸರಾಸರಿ 0.17 ನ್ಯಾನೋಮೀಟರಿಗೊಂದು ಮೈನಸ್. ಮ್ಯಾನಿಂಗ್ ಲೆಕ್ಕದಲ್ಲಿ ಅದರ ಸುಮಾರು 76% ಚಾರ್ಜ್ ಸೋಡಿಯಂನಿಂದಲೇ ತೀರಿಹೋಗುತ್ತದೆ. ಎರಡು ಪ್ಲಸ್ ಅಯಾನು ಆದರೆ 88%. ಮೂರು ಪ್ಲಸ್ ಆದರೆ 92%.

ಈ ನಾಲ್ಕು ಪರ್ಸೆಂಟ್ ವ್ಯತ್ಯಾಸ ಚಿಕ್ಕದಾಗಿ ಕಾಣುತ್ತದೆ. ಆದರೆ ಅಲ್ಲೇ ಇರುವುದು ಮಜಾ. ಡಿಎನ್‌ಎಯ ಚಾರ್ಜ್ ಸುಮಾರು 90% ತೀರಿದ ಮೇಲೆ ಅದು ನಿಧಾನವಾಗಿ ಕುಗ್ಗುವುದನ್ನು ಬಿಟ್ಟು ಒಮ್ಮೆಲೇ ಸುರುಳಿ ಸುತ್ತಿಕೊಳ್ಳುತ್ತದೆ. ಸ್ಪರ್ಮಿಡೀನ್ ಅಂತ ಮೂರು ಪ್ಲಸ್ ಹೊತ್ತ ಸಣ್ಣ ಅಣು ಜೀವಕೋಶಗಳಲ್ಲೇ ಇರುತ್ತದೆ. ತೆಳು ಡಿಎನ್‌ಎ ದ್ರಾವಣಕ್ಕೆ ಅದನ್ನು ಸೇರಿಸಿದರೆ ಉದ್ದನೆಯ ಡಿಎನ್‌ಎ ಸುಮಾರು 100 ನ್ಯಾನೋಮೀಟರ್ ಅಗಲದ ಬಳೆಯಾಗುತ್ತದೆ ಅಂತ 1976ರಲ್ಲಿ ಗೊತ್ತಾಯಿತು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳಲ್ಲಿ ಥೇಟ್ ಕೋಡುಬಳೆ. ಇಲ್ಲಿ ಬರೀ ಮರೆ ಮಾಡುವ ಕಥೆ ಸಾಲದು. ಮೈನಸ್ ಹೊತ್ತ ಎರಡು ಎಳೆಗಳು ಒಂದನ್ನೊಂದು ಸೆಳೆಯುತ್ತಿವೆ! ಒಂದು ಎಳೆಯ ಮೇಲೆ ಕೂತ, ಮೂರು ಪ್ಲಸ್ ಹೊತ್ತ ಅಯಾನುಗಳು ಇನ್ನೊಂದು ಎಳೆಯಲ್ಲಿ ಅಯಾನು ಇಲ್ಲದ ಜಾಗಕ್ಕೆ ಎದುರಾಗುತ್ತವೆ, ಬೆರಳಿಗೆ ಬೆರಳು ಹೆಣೆದ ಹಾಗೆ. ಡಿಬೈ–ಹ್ಯೂಕೆಲ್ ಲೆಕ್ಕ ಮೋಡದ ಸರಾಸರಿಯನ್ನಷ್ಟೇ ನೋಡುವುದರಿಂದ ಈ ಹೆಣಿಗೆ ಅದಕ್ಕೆ ಕಾಣುವುದೇ ಇಲ್ಲ.

ಅಡುಗೆ ಉಪ್ಪಿಗೆ ಡಿಎನ್‌ಎಯನ್ನು ಹೀಗೆ ಸುತ್ತಿಸುವ ತಾಕತ್ತಿಲ್ಲ, ಎಷ್ಟೇ ಸುರಿದರೂ. ಅಷ್ಟೇ ಏಕೆ, ಅದನ್ನು ತೀರಾ ಮೆತ್ತಗೆ ಮಾಡಲೂ ಆಗದು. ಡಿಎನ್‌ಎ ಜೋಡಿ ಎಳೆ ಚಾರ್ಜ್ ಇಲ್ಲದೆಯೂ ಗಡುಸು. ಹಗ್ಗಕ್ಕಿಂತ ಬೆತ್ತಕ್ಕೆ ಹತ್ತಿರ. ನಮ್ಮ ಮೈಯೊಳಗಿನಷ್ಟು ಉಪ್ಪಿರುವಾಗ ಅದು ಬಾಗದೆ ನೆಟ್ಟಗೆ ಸಾಗುವ ಅಂತರ ಸುಮಾರು 50 ನ್ಯಾನೋಮೀಟರ್. ಉಪ್ಪು ತೀರಾ ಕಡಿಮೆಯಾದರೆ, ಅದೇ ಲೀಟರಿಗೆ 60 ಮಿಲಿಗ್ರಾಂ ಮಟ್ಟದಲ್ಲಿ, ಲೆಕ್ಕದ ಪ್ರಕಾರ 80ರ ಹತ್ತಿರ ಹೋಗುತ್ತದೆ. ಈ ಲೆಕ್ಕ ಕೊಟ್ಟದ್ದು ನೆದರ್‌ಲ್ಯಾಂಡ್ಸಿನ ಓಡೈಕ್, ಮತ್ತು ಬೇರೆಯಾಗಿಯೇ ಅಮೆರಿಕದ ಸ್ಕಾಲ್ನಿಕ್ ಮತ್ತು ಫಿಕ್ಸ್‌ಮನ್. ಎರಡೂ 1977ರಲ್ಲಿ. ಉಪ್ಪು ಹೆಚ್ಚಿಸುತ್ತಾ ಹೋದರೆ ಐವತ್ತರ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಉಪ್ಪು ತೆಗೆಯಬಲ್ಲದ್ದು ಜಗಳದಿಂದ ಬಂದ ಬಿಗಿಯನ್ನು ಮಾತ್ರ, ಹುಟ್ಟುಗುಣದ ಬಿಗಿಯನ್ನಲ್ಲ. ಪಾಲಿಅಕ್ರಿಲೇಟ್‌ಗೆ ಹುಟ್ಟುಗುಣದ ಬಿಗಿ ತುಂಬ ಕಡಿಮೆ. ಅದಕ್ಕೇ ಅಲ್ಲಿ ಉಪ್ಪಿನ ಆಟ ಅಷ್ಟು ಜೋರು.

ಉಪ್ಪು ಹಾಕಿದರೆ ಅರಳುವ ಸರಪಳಿಗಳೂ ಇವೆ ಅಂದರೆ ನಂಬುತ್ತೀರಾ? ಕೆಲವು ಪಾಲಿಮರ್‌ಗಳಲ್ಲಿ ಪ್ರತಿ ಕೊಂಡಿಯಲ್ಲೂ ಒಂದು ಪ್ಲಸ್, ಒಂದು ಮೈನಸ್ ಎರಡೂ ಇರುತ್ತವೆ. ಅಲ್ಲಿ ಜಗಳಕ್ಕಿಂತ ಅಪ್ಪುಗೆ ಜಾಸ್ತಿ. ಉಪ್ಪಿಲ್ಲದಾಗ ಸರಪಳಿ ತನ್ನನ್ನೇ ತಬ್ಬಿಕೊಂಡು ಬಿಗಿಯಾಗಿ ಕೂತಿರುತ್ತದೆ, ಕೆಲವಂತೂ ನೀರಿನಲ್ಲಿ ಕರಗುವುದೂ ಇಲ್ಲ. ಉಪ್ಪು ಬಂದು ಆ ಸೆಳೆತವನ್ನೂ ಮರೆ ಮಾಡಿದಾಗ ಬಿಚ್ಚಿಕೊಳ್ಳುತ್ತದೆ.

ಮತ್ತೆ ನನ್ನ ಲೋಟಕ್ಕೆ ಬರುತ್ತೇನೆ. ಉಪ್ಪಿನಿಂದ ಮುದುಡಿದ್ದು ಶಾಶ್ವತವಾ ಅಂತ ನೋಡಬೇಕಿತ್ತು. ಕಾಳುಗಳನ್ನು ಹಳೇ ಪಂಚೆಯ ತುಂಡಿನಲ್ಲಿ ಸೋಸಿ, ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನಲ್ಲಿ ನೆನೆಸಿದೆ. ನೀರು ಬದಲಿಸಿದೆ, ಮತ್ತೆ ನೆನೆಸಿದೆ. ನಾಲ್ಕನೇ ಸಲಕ್ಕೆ ಕಾಳುಗಳು ಮತ್ತೆ ಗಾಜಿನ ಮಣಿಗಳ ಹಾಗೆ ಉಬ್ಬಿದ್ದವು. ಉಪ್ಪು ತೊಳೆದುಹೋಗಿತ್ತು, ಜಗಳ ವಾಪಸ್ ಬಂದಿತ್ತು.

ಅದರಲ್ಲಿ ಒಂದು ಚಿಟಿಕೆ ಮಣಿಗಳನ್ನು ಬೇರೆ ಬಟ್ಟಲಿಗೆ ಹಾಕಿ, ಎಲೆ ಅಡಿಕೆ ತಟ್ಟೆಯ ಸುಣ್ಣವನ್ನು ನೀರಲ್ಲಿ ಕದಡಿ, ಮೇಲೆ ನಿಂತ ತಿಳಿಯನ್ನು ಸುರಿದೆ. ಸುಣ್ಣದ ತಿಳಿ ಅಂದರೆ ಕ್ಯಾಲ್ಸಿಯಂ ನೀರೇ. ಮಾಡುವುದಾದರೆ ಕಣ್ಣಿಗೆ ತಾಗದಂತೆ, ಮಕ್ಕಳ ಕೈಗೆ ಸಿಗದಂತೆ ಮಾಡಿ. ಮಣಿಗಳು ಅಂಚಿನಿಂದ ಬೆಳ್ಳಗಾಗುತ್ತಾ ಕುಗ್ಗಿದವು. ಅವನ್ನೂ ಪಂಚೆಯಲ್ಲಿ ಸೋಸಿ, ಅದೇ ಬ್ಯಾಟರಿ ನೀರಿನಲ್ಲಿ ನಾಲ್ಕು ಸಲ ತೊಳೆದೆ. ರಾತ್ರಿಯಿಡೀ ನೆನೆಯಲು ಬಿಟ್ಟೆ. ಬೆಳಗ್ಗೆ ನೋಡಿದರೆ ಸರಿಯಾಗಿ ನೆನೆಯದ ಸಬ್ಬಕ್ಕಿಯ ಹಾಗೆ, ಬೆಳ್ಳಗೆ ಗಟ್ಟಿಯಾಗಿ, ಬಟ್ಟಲಿನ ತಳದಲ್ಲೇ ಕೂತಿದ್ದವು.